ನನ್ನ ಕೈ ಹಿಡಿಯುವ ಕೆಲಸ

ಆಗೆಲ್ಲ ಕುವೆಂಪುನಗರದ ಗಣೇಶನ ಪೆಂಡಾಲಿನಲ್ಲಿ ದಿನಾ ಸಂಜೆ ಕಚೇರಿ. ಸಂಗೀತದ ಹುಚ್ಚಿನ ನಾವು ಗೆಳತಿಯರು ಪಕ್ಕದಲ್ಲೇ ಒಂದು ಮೇಜು ಹಾಕಿದ್ದೆವು. ಮನಸ್ಸು ಭಾರವಾದವರು ಬಂದು ಹೇಳಿಕೊಳ್ಳಬಹುದು. ನಾವು ಉಪದೇಶ ಮಾಡದೆ ಕೇಳಿಸಿಕೊಳ್ಳಬೇಕು, ಅಷ್ಟೇ.

ಮೊದಲನೇ ಸಂಜೆ ಹಿರಿಯ ಹೆಂಗಸೊಬ್ಬರು ಬಂದು ಕೂತರು. ಯಜಮಾನರು ಹೋದ ಮೇಲೆ ಮನೆಯಿಂದ ಆಚೆ ಬಂದಿದ್ದೇ ಇವತ್ತು, ಯಾರ ಹತ್ತಿರವೂ ಮಾತು ಬೇಡ ಅನ್ನಿಸುತ್ತೆ ಎಂದು ಬಿಕ್ಕತೊಡಗಿದರು. ನಾನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೆ. ಅಷ್ಟರಲ್ಲಿ ವೇದಿಕೆಯ ಮೇಲೆ ಹಾಡು ನಿಂತು, ಮೃದಂಗ ಒಂದೇ ನುಡಿಯುವ ತನಿ ಶುರುವಾಯಿತು.

ಅವರು ತಟ್ಟನೆ ಅಳು ನಿಲ್ಲಿಸಿದರು.

"ಏನಮ್ಮಾ, ನಾನಿಲ್ಲಿ ಅಳ್ತಾ ಇದ್ರೆ ನೀನು ತಾಳ ಹಾಕ್ತಾ ಇದೀಯಲ್ಲ!"

ನೋಡಿಕೊಂಡರೆ ಹೌದು, ನನ್ನ ಕೈ ತೊಡೆಯ ಮೇಲೆ ಕುಣೀತಿದೆ. ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡೆ. "ತಪ್ಪಾಯ್ತಮ್ಮಾ" ಅಂದೆ.

"ತಪ್ಪೇ ಕಣಮ್ಮ! ಅವರು ನುಡಿಸ್ತಿರೋದು ಚಾಪು ತಾಳ, ನೀನು ಆದಿತಾಳ ಹಾಕ್ತಿದೀಯ!"

ನನ್ನ ಕೈ ಎಳೆದುಕೊಂಡು ತಾವೇ ತಾಳ ಹಾಕಿಸಿದರು. ಕೊನೆಗೆ ಅವರೂ ತಪ್ಪಿದರು. ಇಬ್ಬರೂ ನಕ್ಕ ನಗುವಿಗೆ ಮುಂದಿನ ಸಾಲಿನವರೆಲ್ಲ ತಿರುಗಿ ಗದರಿದರು.

ಮಾರನೇ ಸಂಜೆ ಅವರೂ ನಮ್ಮಂತೆ ಬ್ಯಾಡ್ಜ್ ಹಾಕಿಕೊಂಡು ನನ್ನ ಪಕ್ಕ ಕೂತರು. ಮೃದಂಗ ಶುರುವಾದರೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುವುದು ಅವರ ಕೆಲಸ. ಕಷ್ಟ ಹೇಳಿಕೊಳ್ಳಲು ಬಂದವರು ಅದನ್ನು ನೋಡಿ, ಪಾಪ, ನನಗೇ ಸಮಾಧಾನ ಹೇಳಿ ಹೋಗುತ್ತಿದ್ದರು.