ಉಪ್ಪಿನ ಮರಿಗೆಯ ಮಸ್ಕತ್

೧೯೭೮ರಲ್ಲಿ, ಆರನೇ ಇಯತ್ತೆ ಮುಗಿಯುವ ಮೊದಲೇ, ನಾನು ಶಾಲೆ ಬಿಟ್ಟೆ. ಅಪ್ಪ ತೀರಿಕೊಂಡಿದ್ದ, ಮನೆಗೆ ದುಡಿಯುವ ಕೈ ಬೇಕಿತ್ತು. ಉಳಿ, ಬಾಚಿ ಹಿಡಿದ ಈ ಕೈಯನ್ನು ಅಲ್ಲಿಂದೀಚೆಗೆ ಯಾರ ಮುಂದೆಯೂ ಚಾಚಿದವನಲ್ಲ. ಬರೆಯುವ ರೂಢಿ ನನಗಿಲ್ಲ. ಆದರೆ ಮೊನ್ನೆ ಭಟ್ಕಳ ಪೇಟೆಯಲ್ಲಿ ಅಂಗಡಿಯೊಂದಕ್ಕೆ ಬಾಗಿಲು ಕೂರಿಸುತ್ತಿದ್ದಾಗ ಪಕ್ಕದವರು ಖರ್ಜೂರದ ಮೂಟೆ ಬಿಚ್ಚಿದರು. ತಳ ಹಿಡಿದ ಬೆಲ್ಲದ ಪಾಕಕ್ಕೆ ಹಳೆಯ ಚಾಪೆಯ ವಾಸನೆ ಬೆರೆತಂತೆ ಒಂದು ಪರಿಮಳ. ಕೈಯಲ್ಲಿದ್ದ ಮೊಳೆ ಅಲ್ಲೇ ನಿಂತಿತು. ಹೊನ್ನಾವರದ ನಮ್ಮ ಮನೆಯ ಜಗಲಿಯೂ ಅದರ ಮೇಲೆ ಮಂಡಿಯೂರಿ ಪಾತ್ರೆ ಜೋಡಿಸುತ್ತಿದ್ದ ಅಜ್ಜನೂ ಕಣ್ಣೆದುರು ಬಂದರು.

ಮಾವಿನಕುರ್ವೆ ನಡುಗಡ್ಡೆಯ ಎದುರು ದಡದಲ್ಲಿ, ಶರಾವತಿಯ ಉಪ್ಪುಗಾಳಿಗೆ ಗೋಡೆಯ ಸುಣ್ಣ ಉದುರುತ್ತಿದ್ದ ಮನೆ ಅದು. ಅಪ್ಪನ ಅಪ್ಪ, ನನ್ನಜ್ಜ, ಹಾಯಿಹಡಗಿನಲ್ಲಿ ಹಂಚು, ಮೆಣಸಿನ ಕಾಳು ಹೇರಿಕೊಂಡು ಅರಬರ ಊರುಗಳಿಗೆ ಹೋಗಿಬಂದವನು. ನನಗೆ ಬುದ್ಧಿ ಬರುವಷ್ಟರಲ್ಲಿ ಆ ಹಡಗುಗಳೆಲ್ಲ ಹೋಗಿಯಾಗಿತ್ತು. ಮಳೆಗಾಲದಲ್ಲಿ ಕೇರಿಯ ಮಕ್ಕಳು ಜಗಲಿಯಲ್ಲಿ ಸೇರಿದರೆ ಅಜ್ಜ ಅಡುಗೆಮನೆಯಿಂದ ಐದು ಸಾಮಾನು ತರಿಸುತ್ತಿದ್ದ. ಸಗಣಿ ಸಾರಿಸಿದ ನೆಲವೇ ಕಡಲು. ಸುತ್ತಲಿನ ಪಾತ್ರೆಗಳು ಊರುಗಳು. ಹಿತ್ತಾಳೆ ತಂಬಿಗೆ ಬಸ್ರಾ, ಉಪ್ಪು ಹಾಕಿಡುವ ಹಲಸಿನ ಮರದ ಮರಿಗೆ ಮಸ್ಕತ್, ತುರಿಮಣೆ ಮುಂಬಯಿ, ಕಲ್ಲಿನ ಚಟ್ಟಿ ಭಟ್ಕಳ, ತೆಂಗಿನ ಗೆರಟೆ ನಮ್ಮ ಹೊನ್ನಾವರ. "ಕಡಲು ಅಂದ್ರೆ ಅಂಗಳ, ಮಕ್ಳೇ. ಸುತ್ತ ಮನೆ. ಒಬ್ರ ಮನೆ ಒಗ್ಗರಣೆ ಇನ್ನೊಬ್ರಿಗೆ ಮೂಗಿಗೆ ಬಡೀತದೆ" ಎನ್ನುತ್ತಿದ್ದ. ಸೌಟಿನ ಹಿಡಿಯನ್ನು ತಂಬಿಗೆಯಿಂದ ಮರಿಗೆಗೆ ಜಾರಿಸುತ್ತ ಬಸ್ರಾದ ಖರ್ಜೂರದ ಸಂತೆ, ಮಸ್ಕತ್ತಿನ ಕರಿಬಂಡೆಗಳ ನಡುವಿನ ಓಣಿ, ಆ ಓಣಿಯ ಕೊನೆಗೆ ನೀಲಿ ಕಲ್ಲಿನ ಕಟ್ಟೆಯ ಬಾವಿ, ಎಲ್ಲವನ್ನೂ ತಿರುಗಾಡಿಸುತ್ತಿದ್ದ. ಪಕ್ಕದ ಕುಮಟೆಯನ್ನೂ ನೋಡಿರದ ನಾನು ಮಸ್ಕತ್ತಿನ ಬಾವಿಗೆ ಎಷ್ಟು ಮೆಟ್ಟಿಲೆಂದು ಬಲ್ಲವನಾಗಿದ್ದೆ. ಏಳು.

ನನಗೆ ಹತ್ತು ವರ್ಷವಾದಾಗ ಈದ್ ಹಬ್ಬದ ಮರುದಿನ ಅಜ್ಜ ನನ್ನನ್ನು ಭಟ್ಕಳಕ್ಕೆ, ಅಜ್ಜ ಹೋಗಿಬಂದ ಹಡಗು ನಡೆಸುವ ತಾಂಡೇಲರಾಗಿದ್ದ ಇಸ್ಮಾಯಿಲ್ ಸಾಹೇಬರ ಮನೆಗೆ ಕರೆದೊಯ್ದ. ಅಜ್ಜ ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ನಾನು ಜಂಬದಿಂದ ಬಸ್ರಾದ ಸಂತೆಯನ್ನು ಒಪ್ಪಿಸಿದೆ. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ನಿನ್ನಜ್ಜನಾ? ಅವನು ಬಸ್ರಾದ ಮಣ್ಣು ಮೆಟ್ಟಿದವನೇ ಅಲ್ಲ ಬೇಟಾ! ನಮ್ಮ ಭಂಡಾರಿ ಅವನು, ಅಡುಗೆಯವನು. ಮರದ ಹಡಗು, ಅದರ ಮೇಲೆ ಒಲೆ. ಬಿಟ್ಟು ಇಳಿದರೆ ಗತಿ ಎಂತ? ನಾವೆಲ್ಲ ಊರು ನೋಡಿ ಬರೋದು, ಅವನು ಸೌಟು ಹಿಡಿದು ಕೂತಿರೋದು. ನೋಡಿದ್ದು ಹೇಳದೆ ಅನ್ನ ಇಲ್ಲ ಅಂತಿದ್ದ. ತಾಂಡೇಲ ನಾನು, ನನಗೂ ಇಲ್ಲ!"

ಅದನ್ನು ನಾನು ನಗುವಾಗಿ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ, ಮೋಸ ಹೋದವನ ಸಿಟ್ಟು ಮಾಡಿಕೊಂಡೆ. ಮುಂದಿನ ಮಳೆಗೆ ಮಕ್ಕಳೆಲ್ಲ ಪಾತ್ರೆಗಳ ಸುತ್ತ ಕೂತಿದ್ದಾಗ, ಅಜ್ಜನ ಸೌಟು ಬಸ್ರಾ ಮುಟ್ಟುತ್ತಿದ್ದಂತೆ, ಗಟ್ಟಿಯಾಗಿ ಕೇಳಿದೆ: "ಅಜ್ಜಾ, ನೀನು ಅಲ್ಲಿ ಇಳಿದೇ ಇಲ್ಲ ಅಲ್ದಾ?" ಮಕ್ಕಳು ಅಜ್ಜನ ಮುಖ ನೋಡಿದರು, ಒಬ್ಬ ಕಿಸಕ್ಕೆಂದ. ಅಜ್ಜ ನನ್ನನ್ನು ಬೈಯಲಿಲ್ಲ. "ಹೌದು ತಮಾ. ಒಲೆ ಯಾರು ಕಾಯೂದು?" ಎಂದು ಮಂಡಿಗೆ ಕೈಯೂರಿ ಎದ್ದ. ಆಯಿ, ನನ್ನಮ್ಮ, ಬಂದು ಮೊದಲು ತಂಬಿಗೆಯನ್ನು, ಆಮೇಲೆ ಮರಿಗೆಯನ್ನು, ಒಂದೊಂದಾಗಿ ಒಳಗೊಯ್ದಳು. ನೆಲ ಬರೀ ನೆಲವಾಯಿತು. ಆ ಪಾತ್ರೆಗಳು ಮತ್ತೆ ಜಗಲಿಗೆ ಬರಲಿಲ್ಲ. ಮಕ್ಕಳೂ ಬರುವುದನ್ನು ಬಿಟ್ಟರು. ಅಜ್ಜ ಹೊಳೆಯ ಕಡೆಗೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದ, ನಾನು ಅವನ ಬೆನ್ನನ್ನು ದಾಟಿ ಕೆಲಸಕ್ಕೆ ಹೋಗುತ್ತಿದ್ದೆ.

ಇಪ್ಪತ್ತೆರಡಕ್ಕೆ ನಾನು ಬಡಗಿಯಾಗಿ ಹೋದದ್ದು ಮಸ್ಕತ್ತಿಗೇ. ನಸುಕಿಗೆ ಬಸ್ಸು ನಮ್ಮನ್ನು ಬಿಡಾರದಿಂದ ಎತ್ತಿ ಹಡಗು ನಿಲ್ಲುವ ದಕ್ಕೆಯ ಬಳಿಯ ಶೆಡ್ಡಿಗೆ ಇಳಿಸುತ್ತಿತ್ತು, ಸಂಜೆ ಎತ್ತಿ ಬಿಡಾರಕ್ಕೆ. ಶುಕ್ರವಾರ ಬಟ್ಟೆ ಒಗೆದು ಮಲಗುವುದು. ಕಿಟಕಿಯಲ್ಲಿ ಹಾದುಹೋದ ಗೋಡೆಗಳನ್ನು ಬಿಟ್ಟರೆ ಊರು ಕಾಣಲಿಲ್ಲ. ಆದರೂ ಆಯಿಗೆ ಬರೆದ ಕಾಗದದಲ್ಲಿ ಪೇಟೆ, ತೋಟ, ಅತ್ತರಿನ ಅಂಗಡಿ ಎಲ್ಲ ಇರುತ್ತಿತ್ತು. ಅವೆಲ್ಲ ಅಲ್ಲಿ ಗಾಡಿ ಓಡಿಸುತ್ತಿದ್ದ, ನಮ್ಮ ಕಡೆಯ ಕಾಗಾಲದ ಹುಡುಗನೊಬ್ಬ ಹೇಳಿದ್ದು. ಬರೆಯುವಾಗ ನನಗೇ ಗೊತ್ತಾಗುತ್ತಿತ್ತು, ನಾನೂ ಒಲೆ ಕಾಯುತ್ತಿದ್ದೇನೆ.

ಎರಡು ವರ್ಷಕ್ಕೆ ಮೊದಲ ರಜೆಯಲ್ಲಿ ಬಂದಾಗ ಅಜ್ಜನಿಗೆ ಕಣ್ಣು ಹೋಗಿತ್ತು. ನನ್ನ ಕೈಯ ದಡ್ಡುಗಳನ್ನು ಸವರಿ ನೋಡಿದ. "ಇಳಿದ್ಯನಾ?" ಎಂದ.

"ಇಳಿದೆ ಅಜ್ಜಾ."

"ಹಾಂಗಾರೆ ಹೇಳು."

ನನಗೆ ಗೊತ್ತಿದ್ದ ಮಸ್ಕತ್ ಒಂದೇ, ಉಪ್ಪಿನ ಮರಿಗೆಯದು. ಅದನ್ನೇ ಹೇಳಿದೆ. ಕರಿಬಂಡೆ, ಓಣಿ, ಓಣಿಯ ಕೊನೆಯ ಬಾವಿ.

"ನೀಲಿ ಕಟ್ಟೆ ಬಾವಿ? ಇನ್ನೂ ಅದ್ಯಾ?"

"ಅದೆ. ಏಳು ಮೆಟ್ಲು."

ಅಜ್ಜ ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಆ ಬಾವಿ ನಾ ಕಟ್ಟಿದ್ದು ತಮಾ. ಹಡಗಿನ ಹೊಸ ಖಲಾಸಿ ಒಬ್ಬ, ದಕ್ಕೆಲೇ ಜ್ವರ ಬಂದು ಊರೇ ನೋಡ್ಲಿಲ್ಲ. ಹೇಳೂಕೆ ಎಂತದೂ ಇಲ್ಲದೆ ಬಟ್ಟಲು ಹಿಡ್ಕಂಡು ನಿಂತಿದ್ದ. ಎಲ್ಲರೆದ್ರು ಅಂವಗೆ ಅನ್ನ ಹಾಕೂದು ಹ್ಯಾಂಗೆ? ನಾನೇ ಕಿವಿಲಿ ಒಂದು ಬಾವಿ ಹೇಳಿಕೊಟ್ಟೆ." ನನ್ನ ಕೈ ಬಿಟ್ಟ. "ಆತು. ಊರು ಹೇಳ್ದೆಯಲ್ಲ. ಹೋಗು, ಉಣ್ಣು."

ಆಯಿ ಬಡಿಸಿದ್ದಳು. ಹೋಗಿ ಉಂಡೆ. ಹತ್ತು ವರ್ಷದವನಿದ್ದಾಗ ಆಡಿದ ಮಾತಿಗೆ ಅಜ್ಜನಲ್ಲಿ ಕ್ಷಮೆ ಕೇಳಬೇಕೆಂದು ಕಡಲು ದಾಟುವಾಗಲೇ ನಿಶ್ಚಯಿಸಿದ್ದೆ. ನಾಳೆ, ನಾಡಿದ್ದು ಎನ್ನುತ್ತ ರಜೆ ತೀರಿತು. ಮುಂದಿನ ರಜೆಗೆ ಅಜ್ಜನಿರಲಿಲ್ಲ. ಆಮೇಲೆ ಆಯಿಯೂ ಹೋದಳು. ಮನೆ ಕೈಬಿಟ್ಟುಹೋಯಿತು. ಜಗಲಿಯಿದ್ದಲ್ಲಿ ಈಗ ಮೀನಿನ ಲಾರಿ ತಿರುಗಿಸುತ್ತಾರೆ. ಹದಿಮೂರು ವರ್ಷ ಮಸ್ಕತ್ತಿನಲ್ಲಿದ್ದೆನೆಂದರೆ ಜನ ಸಂಬಳ ಕೇಳುತ್ತಾರೆ. ಊರು ಹೇಗಿತ್ತೆಂದು ಕೇಳಿ ಅನ್ನ ಬಡಿಸುವವರಿಲ್ಲ.

ಈಗ ನನಗಿರುವುದು ಹೊಳನಗದ್ದೆಯಲ್ಲಿ ಒಂದು ಮನೆ, ಕುಮಟೆಯಲ್ಲಿ ಒಂದು ಶೆಡ್ಡು, ಎರಡು ಗರಗಸದ ಯಂತ್ರ, ಅವಧಿ ಮುಗಿದ ಒಂದು ಪಾಸ್‌ಪೋರ್ಟು. ಅಡುಗೆಮನೆಯಲ್ಲಿ ಅಜ್ಜನ ಐದು ಊರುಗಳಲ್ಲಿ ಒಂದು. ಅದರಲ್ಲಿ ಉಪ್ಪು ಇಟ್ಟಿದ್ದೇವೆ.