ನರ್ಸಬಾಯಿ ತಿಂದ ಮೊಟ್ಟೆ

ಬೇಯಿಸಿದ ಮೊಟ್ಟೆಯ ಸಿಪ್ಪೆ ಒಡೆದ ಕೂಡಲೇ ಒಂದು ಬಿಸಿ ವಾಸನೆ ಏಳುತ್ತದೆ. ಮೊನ್ನೆ ಕುಮಟೆಯ ನಮ್ಮ ಮನೆಯಲ್ಲಿ ಮಗಳು ಮೊಟ್ಟೆ ಸುಲಿಯುತ್ತ ಕೂತಿದ್ದಳು. ಹೊನ್ನಾವರದಿಂದ ಬರುವಾಗ ಕಂದು ಬಣ್ಣದ್ದನ್ನೇ ಹುಡುಕಿ ತಂದಿದ್ದಳು. ಬಿಳಿಯದಕ್ಕಿಂತ ಇದು ಒಳ್ಳೆಯದಂತೆ. ನನ್ನ ವಯಸ್ಸಿನವರು ಹಳದಿ ಬಿಟ್ಟು ತಿನ್ನಬೇಕಂತೆ. ಅಲ್ಲ, ಹಳದಿಯಲ್ಲೇ ಸತ್ವ ಇರುವುದಂತೆ... ಅವಳು ಒಂದು ಹೇಳಿದರೆ ಅಳಿಯ ಇನ್ನೊಂದು ಹೇಳುತ್ತಿದ್ದ. ನನ್ನ ಕಿವಿ ಅವರ ಮಾತಿನ ಮೇಲಿರಲಿಲ್ಲ. ಆ ವಾಸನೆಯ ಬೆನ್ನಿಗೇ ನರ್ಸಬಾಯಿ ಕಣ್ಣ ಮುಂದೆ ಬಂದು ನಿಂತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಿರೇಗುತ್ತಿಯಲ್ಲಿ ಏಳನೇ ಇಯತ್ತೆವರೆಗೆ ಓದಿದ ನಾನು ತದಡಿಯ ದೋಣಿಯವರ ಮನೆಗೆ ಸೊಸೆಯಾಗಿ ಬಂದಿದ್ದೆ. ಮೊದಲ ಮಗು ಹುಟ್ಟುವ ಮೊದಲೇ ಹೋಗಿತ್ತು. ಎರಡನೆಯದು ಹೊಟ್ಟೆಯಲ್ಲಿದ್ದಾಗ ಕಣ್ಣು, ಉಗುರು ಎಲ್ಲ ಬೆಳ್ಳಗಾಗಿ, ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದೆ. ಮಳೆಗಾಲ ಬೇರೆ. ಗಂಡನ ದೋಣಿ ದಡಕ್ಕೆ ಏರಿತ್ತು. ಮನೆಯಲ್ಲಿ ಒಣಮೀನು, ಗಂಜಿ.

ನರ್ಸಬಾಯಿ ಅಘನಾಶಿನಿಯ ಕಡೆಯಿಂದ ತಾರಿಯ ದೋಣಿಯಲ್ಲಿ ಹೊಳೆ ದಾಟಿ ನಮ್ಮ ಕೇರಿಗೆ ಬರುತ್ತಿದ್ದರು. ಬಿಳಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಗಂಡಸರು ಹಿಡಿಯುವಂಥ ದೊಡ್ಡ ಕೊಡೆ. ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ನರ್ಸಿಂಗ್ ಕಲಿತು, ಹೊಳೆಯಾಚೆ ಅಣ್ಣನ ಮನೆಯಲ್ಲಿ ಇದ್ದವರು. ಬ್ರಾಹ್ಮಣರ ಮನೆ. ಈರುಳ್ಳಿಯೂ ಒಳಗೆ ಬರುತ್ತಿರಲಿಲ್ಲವಂತೆ. ನಮ್ಮ ಜೊತೆ ಅವರು ಶಾಲೆಯ ಅಕ್ಕೋರ ಹಾಗೆ ಅಚ್ಚುಕಟ್ಟಾಗಿ ಮಾತಾಡುತ್ತಿದ್ದರು. ಮನೆಮಾತು ನಮ್ಮೆದುರು ಅವರ ಬಾಯಿಂದ ಬಂದದ್ದೇ ಇಲ್ಲ.

ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದವರು ಅತ್ತೆಗೆ ಹೇಳಿದರು, “ಇವಳಿಗೆ ದಿನಾ ಒಂದು ಮೊಟ್ಟೆ ಕೊಡಿ. ಮಾತ್ರೆ ನಾನು ಕೊಡ್ತೇನೆ. ಆದರೆ ಬರೀ ಮಾತ್ರೆಯಿಂದ ಮಗು ಬೆಳೆಯೋದಿಲ್ಲ.”

ನಮ್ಮ ಹಿತ್ತಿಲಲ್ಲಿ ಕೋಳಿಗಳಿದ್ದವು. ಆದರೆ ಅವು ಇಡುವ ಮೊಟ್ಟೆ ಒಂದೋ ಕಾವಿಗೆ, ಇಲ್ಲವೇ ಪೇಟೆಗೆ. ಊರಕೋಳಿಯ ಮೊಟ್ಟೆಯೆಂದರೆ ಕುಮಟೆಯಲ್ಲಿ ಕೇಳಿ ಕೊಂಡುಕೊಳ್ಳುತ್ತಿದ್ದರು. ಹುಬ್ಬಳ್ಳಿ ಕಡೆಯಿಂದ ಆಗಷ್ಟೇ ಬರತೊಡಗಿದ್ದ ಬಿಳಿ ಫಾರಂ ಮೊಟ್ಟೆಯನ್ನು ನಮ್ಮ ಕೇರಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಹುಂಜವಿಲ್ಲದೆ ಆದ ಮೊಟ್ಟೆಯಲ್ಲಿ ಜೀವ ಎಲ್ಲಿಂದ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಅತ್ತೆಗೆ ಹೆದರಿಕೆ. ಒಂದು ಕೂಸು ಕಳೆದುಕೊಂಡ ಮನೆ.

“ತತ್ತಿ ಅಂದ್ರೆ ಉಷ್ಣ, ಬಾಯೋರೆ. ಹೊಟ್ಟೇಲಿ ತತ್ತಿ ಇಟ್ಕಂಡವಳು ತತ್ತಿ ತಿಂಬೂದಾ? ಜಾರಿ ಹೋದ್ರೆ ಎಂತ ಮಾಡೂದು?”

ನರ್ಸಬಾಯಿ ಸೋಲಲಿಲ್ಲ. ಪ್ರತಿ ಸಲ ಬಂದಾಗಲೂ ಅದೇ ಮಾತು. ಊರ ಮೊಟ್ಟೆ ಮಾರಬೇಕೆಂದಿದ್ದರೆ ಮಾರಿ, ಇವಳಿಗೆ ಫಾರಂನದ್ದೇ ತಂದುಕೊಡಿ. ಬಣ್ಣದಲ್ಲಿ ಏನಿಲ್ಲ, ನೀರಿಗೆ ಹಾಕಿದಾಗ ತೇಲದೆ ಮುಳುಗಬೇಕು, ಅಷ್ಟು ನೋಡಿ ಸಾಕು ಎನ್ನುತ್ತಿದ್ದರು. ಅತ್ತೆ ತಲೆಯಾಡಿಸಿ, ಅವರು ತಾರಿ ಹತ್ತಿದ ಮೇಲೆ ಬೆಲ್ಲ ಹಾಕಿದ ಗಂಜಿಯನ್ನೇ ನನ್ನ ಮುಂದೆ ಇಡುತ್ತಿದ್ದರು.

ಒಂದು ದಿನ ನಮ್ಮ ಜಗಲಿಯ ಮೇಲೆ ಕೇರಿಯ ಹೆಂಗಸರೆಲ್ಲ ಸೇರಿ ಬಲೆಯ ಹರಕು ಕಟ್ಟುತ್ತಿದ್ದರು. ನರ್ಸಬಾಯಿ ಬಂದು ಮತ್ತೆ ಮೊಟ್ಟೆಯ ಮಾತು ತೆಗೆದರು. ಅತ್ತೆಗೆ ರೇಗಿಹೋಯಿತು. ಎದ್ದು ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ಒಂದು ಬೇಯಿಸಿದ ಮೊಟ್ಟೆಯನ್ನು ಪಿಂಗಾಣಿ ಬಸಿಯಲ್ಲಿ ಇಟ್ಟುಕೊಂಡು ಬಂದರು.

“ನಿಮ್ಮ ಬಾಯಿಗೆ ಹೋಗದ್ದು ನನ್ನ ಸೊಸೆ ಹೊಟ್ಟೆಗೆ ಹೋಗ್ಬೇಕಾ? ಅಷ್ಟು ಒಳ್ಳೇದಾದ್ರೆ ನೀವು ಮೊದ್ಲು ತಿನ್ನಿ. ನಿಮ್ಮ ಹಿಂದೆ ಅವಳು ತಿಂತಾಳೆ.”

ಹೆಂಗಸರು ಗೊಳ್ಳೆಂದು ನಕ್ಕರು. ಬಲೆ ಕೆಳಗೆ ಹಾಕಿ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನರ್ಸಬಾಯಿ ಕೊಡೆ ಎತ್ತಿಕೊಂಡು ಹೊರಟುಬಿಡುತ್ತಾರೆ ಎಂದುಕೊಂಡೆ. ಹೊರಟಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ನನ್ನ ಕಡೆ ನೋಡಿದರು. ಆಮೇಲೆ ಕೂತಲ್ಲೇ ಕೈ ತೊಳೆದುಕೊಂಡು, “ಸ್ವಲ್ಪ ಉಪ್ಪು ಕೊಡ್ತೀರಾ?” ಎಂದರು.

ಅವರಿಗೆ ಸುಲಿಯಲು ಬರಲಿಲ್ಲ. ಸಿಪ್ಪೆಯ ಜೊತೆಗೆ ಬಿಳಿಯೂ ಕಿತ್ತು ಬರುತ್ತಿತ್ತು. ಹೋಗಿ ಸುಲಿದುಕೊಡಬೇಕೆಂದರೆ ಅತ್ತೆ ಎದುರಿಗಿದ್ದರು. ನರ್ಸಬಾಯಿ ಕಣ್ಣು ಮುಚ್ಚಿ ಕಚ್ಚಿದರು. ಒಂದೊಂದೇ ತುತ್ತು ಗಂಟಲಲ್ಲಿ ನಿಂತು ನಿಂತು ಇಳಿಯುವುದು ನನಗೆ ಕಾಣುತ್ತಿತ್ತು. ಹಣೆಯ ಮೇಲೆ ಬೆವರು. ಹಳದಿ ಕೊನೆಗೆ ಉಳಿದಿತ್ತು, ಅದನ್ನೂ ಬಿಡಲಿಲ್ಲ. ತಂಬಿಗೆ ಎತ್ತಿ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, “ಅಡ್ಡಿಲ್ಲೆ” ಎಂದರು. ಅವರ ಮನೆಮಾತು ನಾನು ಕೇಳಿದ್ದು ಅದೊಂದೇ ಸಲ.

ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಅತ್ತೆ ಖಾಲಿ ಬಸಿ ಎತ್ತಿಕೊಂಡು ಒಳಗೆ ಹೋದರು. ಅಂದು ಸಂಜೆಯೇ ನನಗೆ ಮೊದಲ ಮೊಟ್ಟೆ ಸಿಕ್ಕಿತು. ಅತ್ತೆಯೇ ಸುಲಿದು ಕೊಟ್ಟರು.

ಸುದ್ದಿ ನರ್ಸಬಾಯಿಗಿಂತ ಮೊದಲೇ ಹೊಳೆ ದಾಟಿತ್ತು. ತಾರಿಯಲ್ಲಿ ಅದನ್ನು ಹೇಳಿ ನಕ್ಕವರು ನಮ್ಮ ಕೇರಿಯವರೇ. ಒಂದು ಮೊಟ್ಟೆ ನಾಲ್ಕಾಯಿತು, ಮೊಟ್ಟೆಯ ಜೊತೆಗೆ ಮೀನೂ ಸೇರಿತು. ಕೆಲವು ದಿನಗಳ ಮೇಲೆ ತಾರಿಯ ಅಂಬಿಗ ನನ್ನ ಗಂಡನ ಹತ್ತಿರ ಹೇಳಿದ, ಅಣ್ಣನ ಮನೆಯಲ್ಲಿ ಅವರಿಗೆ ಈಗ ಒಳಗೆ ಜಾಗವಿಲ್ಲ, ಊಟ ಹೊರಗಿನ ಕಟ್ಟೆಯ ಮೇಲೆ, ತಟ್ಟೆ ಚೊಂಬು ಬೇರೆ. ಶ್ರಾದ್ಧದ ಊಟದ ಪಂಕ್ತಿಯಿಂದ ಅತ್ತಿಗೆ ಅವರನ್ನು ಎಲ್ಲರೆದುರು ಎಬ್ಬಿಸಿದರಂತೆ.

ಅವರು ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ರೆಪ್ಪೆ ಎಳೆದು ನೋಡಿ, “ಬಣ್ಣ ಬಂತು ತಂಗಿ” ಎನ್ನುತ್ತಿದ್ದರು. ಅತ್ತೆ ಅವರ ಕೊಡೆ ಕಂಡ ಕೂಡಲೇ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಕೊನೆಗೊಮ್ಮೆ ತಡೆಯಲಾರದೆ ಎದುರು ಬಂದು ನಿಂತರು.

“ಬಾಯೋರೆ, ನಿಮ್ಮ ಅಣ್ಣನ ಹತ್ರ ನಾ ಹೋಗಿ ಹೇಳ್ತೆ. ನಾನೇ ಹಟ ಮಾಡಿ ತಿನ್ಸಿದ್ದು ಅಂತ.”

“ಬೇಡ. ಯಾರೂ ತಿನ್ನಿಸಲಿಲ್ಲ. ನಾನೇ ತಿಂದದ್ದು.”

ಅತ್ತೆ ಕೇಳದೆ ಹೋದರು. ಜೊತೆಗೆ ಮಗನನ್ನೂ ಕರೆಯಲಿಲ್ಲ. ಒಂದು ಹಲಸಿನಹಣ್ಣು ಹೊತ್ತುಕೊಂಡು ಹೋದವರು ಅದನ್ನು ಹಾಗೇ ಹೊತ್ತುಕೊಂಡು ವಾಪಸು ಬಂದರು. “ಅಂಗಳದಿಂದ್ಲೇ ಕಳ್ಸಿದ್ರು” ಎಂದಷ್ಟೇ ಹೇಳಿದರು. “ಬಾಯೋರು ಕಟ್ಟೆ ಮೇಲೆ ಕೂತಿದ್ರು. ನನ್ನ ಕಂಡು ಸೆರಗು ಮುಖಕ್ಕೆ ಎಳ್ಕಂಡ್ರು... ಹೋಗ್ಬಾರ್ದಾಗಿತ್ತು.” ಆ ಹಲಸಿನಹಣ್ಣನ್ನು ನಮ್ಮ ಮನೆಯಲ್ಲಿ ಯಾರೂ ಕೊಯ್ಯಲಿಲ್ಲ. ಹಿತ್ತಿಲಲ್ಲೇ ಕೊಳೆತುಹೋಯಿತು.

ಮಗಳು ಹುಟ್ಟಿದಳು. ಗಟ್ಟಿಮುಟ್ಟಾದ ಕೂಸು, ಹುಟ್ಟಿದ ಕೂಡಲೇ ಕೇರಿಯೆಲ್ಲ ಕೇಳುವಂತೆ ಅತ್ತಿತು. ಹೆರಿಗೆ ಮಾಡಿಸಿದವರೂ ನರ್ಸಬಾಯಿಯೇ. ಅದಾಗಿ ಸ್ವಲ್ಪ ದಿನಕ್ಕೆ ಅವರಿಗೆ ಭಟ್ಕಳಕ್ಕೆ ವರ್ಗವಾಯಿತು. ತಾವೇ ಕೇಳಿ ಮಾಡಿಸಿಕೊಂಡರೆಂದು ಆಮೇಲೆ ತಿಳಿಯಿತು.

ಎಂಬತ್ತರ ದಶಕ ಶುರುವಾಗಿತ್ತು. ಗಂಡನ ಕಡೆಯವರ ಮದುವೆಗೆಂದು ಭಟ್ಕಳಕ್ಕೆ ಹೋದವಳು, ಮಗಳನ್ನು ತೋರಿಸಬೇಕೆಂದು ಅವರ ಮನೆ ಹುಡುಕಿದೆ. ಒಂದು ಓಣಿಯಲ್ಲಿ ನವಾಯತ ಮುಸ್ಲಿಮರ ಮನೆಯ ಹಿಂದೆ ಬಾಡಿಗೆಯ ಒಂದು ಕೋಣೆ. ಮಧ್ಯಾಹ್ನದ ಹೊತ್ತು. ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ಈರುಳ್ಳಿ, ಹಸಿಮೆಣಸು ಹಾಕಿ ಮೊಟ್ಟೆ ಹುರಿಯುವ ವಾಸನೆ ಬರುತ್ತಿತ್ತು.

“ಬಾಯೋರೆ...” ಎಂದೆ.

ಸ್ಟೋವಿನ ಮುಂದೆ ಕೂತಿದ್ದವರು ತಿರುಗಿ ನೋಡಿ, ಸರಕ್ಕನೆ ಬಾಣಲೆಗೆ ತಟ್ಟೆ ಮುಚ್ಚಿದರು. ಅದನ್ನು ಇಳಿಸಿ ಮಂಚದ ಕೆಳಗೆ ತಳ್ಳಿದರು. ನಮ್ಮ ಜಗಲಿಯ ಮೇಲೆ ಅಷ್ಟು ಜನರ ನಗುವಿನ ನಡುವೆ ಕೂತು ತಿಂದಾಗಲೂ ಅವರ ಮುಖ ಹಾಗಾಗಿರಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ.

“ಬಾ ತಂಗಿ, ಬಾ. ಎದುರುಮನೆಯವರು ಏನೋ ಮಾಡ್ತಿದ್ದಾರೆ, ಅದರ ವಾಸನೆ...” ಎಂದರು.

“ಹೌದು” ಎಂದೆ. ಇನ್ನೇನು ಹೇಳಲಿ? ಇಷ್ಟವಾಗಿ ಮಾಡಿಕೊಂಡ ಒಂದು ಹಿಡಿ ಊಟವನ್ನು ಅವರು ನನ್ನೆದುರು, ಯಾರಿಗಾಗಿ ಮೊದಲ ಸಲ ಅದನ್ನು ಬಾಯಿಗಿಟ್ಟರೋ ಅವಳೆದುರು, ಅಡಗಿಸಬೇಕಾಯಿತು. ಯಾಕಾದರೂ ಈ ಹೊತ್ತಿಗೆ ಬಂದೆನೋ ಎಂದು ನಾನು ನೆಲ ನೋಡುತ್ತ ನಿಂತೆ.

ಆದರೆ ಮಗಳಿಗೆ ಇದೆಲ್ಲ ಎಲ್ಲಿ ಗೊತ್ತು? ಬಗ್ಗಿ ಮಂಚದ ಕೆಳಗೆ ನೋಡಿ, “ಆಯಿ, ತತ್ತಿ!” ಎಂದು ಕೂಗಿದಳು.

ನರ್ಸಬಾಯಿ ಸ್ಟೋವು ಆರಿಸಿದರು. ಆಮೇಲೆ ಬಾಣಲೆ ಹೊರಗೆಳೆದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಊದಿ ಊದಿ ತಿನ್ನಿಸತೊಡಗಿದರು. ಅದು ಒಬ್ಬರಿಗಾಗುವಷ್ಟೇ ಇತ್ತು. ಮಗಳು ಪೂರ್ತಿ ತಿಂದಳು.

“ನೀವೂ ಸ್ವಲ್ಪ ತಗೊಳ್ಳಿ ಬಾಯೋರೆ” ಎಂದೆ.

“ನನ್ನದು ಊಟ ಆಯ್ತು” ಎಂದರು. ಮಗಳ ಕೆಳರೆಪ್ಪೆ ಮೆಲ್ಲನೆ ಎಳೆದು ನೋಡಿ ನಕ್ಕರು. ಹೊರಡುವಾಗ ಓಣಿಯ ತುದಿಯವರೆಗೆ ಬಂದರು. ಅಣ್ಣನ ಮನೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮತ್ತೆ ಅವರನ್ನು ಕಾಣಲಿಲ್ಲ. ಬಹಳ ವರ್ಷಗಳ ಮೇಲೆ ಮಗಳ ಮದುವೆಗೆ ಕರೆಯಲು ಹೋದಾಗ ಆ ಕೋಣೆಯಲ್ಲಿ ಬೇರೆಯವರಿದ್ದರು. ಮನೆಯ ಒಡತಿ ಮುದುಕಿಯಾಗಿದ್ದರು. ನರ್ಸಬಾಯಿ ತೀರಿಕೊಂಡು ಎಷ್ಟೋ ಕಾಲವಾಯಿತು ಎಂದರು. ಊರಿಗೆ ಸುದ್ದಿ ಕಳಿಸಿ ಸಂಜೆಯವರೆಗೆ ಕಾದರಂತೆ. ಯಾರೂ ಬರಲಿಲ್ಲವಂತೆ. ಕೊನೆಗೆ ಆಸ್ಪತ್ರೆಯವರೇ ಕೊಂಡೊಯ್ದರಂತೆ. ನಮಗೆ ಹೇಳಿಕಳಿಸಬೇಕೆಂದು ಯಾರಿಗೆ ತೋಚಬೇಕು? ನಾವು ಅವರಿಗೆ ಯಾರು?

ಮೊನ್ನೆ ಮಗಳು ಸುಲಿದ ಮೊಟ್ಟೆಯನ್ನು ನನ್ನ ಮುಂದಿಟ್ಟು, “ಆಯಿ, ಎಂತ ಆತು? ಎಂತಕ್ಕೆ ಸುಮ್ನೆ ಕೂತಿದ್ದೆ?” ಎಂದಳು. ಆ ಕೋಣೆ ಅವಳಿಗೆ ನೆನಪಿಲ್ಲ. ಊದಿ ತಿನ್ನಿಸಿದ ಕೈಯೂ ನೆನಪಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಹೇಳುವುದಾದರೆ ನಮ್ಮ ಜಗಲಿಯ ಆ ನಗುವಿನಿಂದಲೇ ಶುರು ಮಾಡಬೇಕು. ಬಸಿಯಲ್ಲಿ ಆ ಮೊಟ್ಟೆ ತಂದಿಟ್ಟ ಅಜ್ಜಿಯನ್ನು ಅವಳು ದೇವರಂತೆ ನೆನೆಯುತ್ತಾಳೆ...

“ಎಂತ ಇಲ್ಲ” ಎಂದೆ.