ವಿಭೂತಿಯ ಹಾಜರಿಯೂ ಇಪ್ಪತ್ತೆಂಟನೆಯ ಕಲಮೂ

ಮುಂಬಯಿಯ ಉಪನಗರಗಳಲ್ಲಿ ಕನ್ನಡ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕಾಗಿ ದುಡಿದವರನ್ನು ನೆನೆಯುವಾಗ ಶ್ರೀ ಪರಪ್ಪ ಗುರುಸಿದ್ದಪ್ಪ ಮುನವಳ್ಳಿಯವರ ಹೆಸರು ಮೊದಲಿನವುಗಳಲ್ಲಿ ಬರಬೇಕು. ಅವರಿಗಿಂತ ದೊಡ್ಡ ಶಾಲೆ ಕಟ್ಟಿದವರು ಇದ್ದಾರೆ, ಅವರಿಗಿಂತ ಹೆಚ್ಚು ಪದವಿ ಪಡೆದವರೂ ಇದ್ದಾರೆ. ಆದರೆ ದೇಶದ ಸಂವಿಧಾನವೆಂಬುದು ದಿಲ್ಲಿಯಲ್ಲಿ ಓದಿ ಮುಗಿಸುವ ಗ್ರಂಥವಲ್ಲ, ಘಾಟ್ಕೋಪರಿನ ಶಾಲೆಯೊಂದರ ಎರಡನೆಯ ಇಯತ್ತೆಯಲ್ಲಿಯೂ ಅದು ನಡೆಯಬೇಕು ಎಂದು ನಂಬಿ, ಹಾಗೆ ನಡೆಸಿದ್ದಕ್ಕೆ ತಮ್ಮ ಹುದ್ದೆಯನ್ನೇ ತೆತ್ತವರು ಹೆಚ್ಚು ಮಂದಿ ಇರಲಾರರು. ಆ ಸಂಗತಿಯನ್ನು ಅವರ ಈ ಅಭಿನಂದನ ಸಂಪುಟದಲ್ಲಿ ಆದಷ್ಟು ಸರಿಯಾಗಿ ಹೇಳುವ ಪ್ರಯತ್ನವಿದೆ. ಕಾನೂನಿನ ಮಾತಿನಲ್ಲಿ ಎಲ್ಲಿಯಾದರೂ ತಪ್ಪು ಕಂಡರೆ ಅದು ಬರೆದವರದು, ಮಾಸ್ತರರದಲ್ಲ.

ಸವದತ್ತಿ ತಾಲೂಕಿನಿಂದ ಮಾಸ್ತರರು ಮುಂಬಯಿಗೆ ಬಂದದ್ದು ತರುಣ ವಯಸ್ಸಿನಲ್ಲಿ. ಹಗಲು ಹತ್ತಿ ವ್ಯಾಪಾರದ ಪೇಢಿಯಲ್ಲಿ ಕಾರಕೂನಿಕೆ, ಸಂಜೆ ತರಗತಿಗಳಲ್ಲಿ ಓದು. ಹೀಗೆಯೇ ಬಿ.ಎ. ಮುಗಿಯಿತು, ಕಾಯದೆಯ ಮೊದಲ ಪರೀಕ್ಷೆಯೂ ಆಯಿತು. ಎರಡನೆಯದಕ್ಕೆ ಕೂಡುವ ಮೊದಲೇ ಅವರು ಚಾಳಿನ ಪಡಸಾಲೆಯಲ್ಲಿ ಬೆಳಗಾವಿ, ಧಾರವಾಡ, ವಿಜಾಪುರದ ವ್ಯಾಪಾರಸ್ಥರ ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಅಕ್ಷರ ಕಲಿಸಲು ತೊಡಗಿದ್ದರು. ಪೇಢಿ ಬಿಟ್ಟರು, ಕಾಯದೆ ಅರ್ಧಕ್ಕೇ ನಿಂತಿತು.

ಆ ಪಡಸಾಲೆಯ ದಿನಗಳಲ್ಲಿ ಹುಟ್ಟಿದ್ದು ವಿಭೂತಿಯ ಹಾಜರಿ. ಬೆಳಿಗ್ಗೆ ಮಾಸ್ತರರು ಹೆಸರು ಕೂಗುವರು; ಮಗು ‘ಹಾಜರ್’ ಎನ್ನುವುದಿಲ್ಲ, ಎದ್ದು ಹತ್ತಿರ ಬಂದು ಹಣೆ ಕೊಡುತ್ತದೆ. ಮಾಸ್ತರರು ಮೂರು ಬೆರಳಿನಿಂದ ವಿಭೂತಿ ಎಳೆದು, ಪುಸ್ತಕದಲ್ಲಿ ಗುರುತು ಹಾಕುವರು. ಬೆರಳು ಹಣೆಗೆ ತಾಗಿದಾಗ ಜ್ವರವಿದ್ದರೆ ತಿಳಿಯುತ್ತಿತ್ತು. ಅಂಥ ಮಗುವನ್ನು ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸಿದ್ದನ್ನು ಇಂದಿಗೂ ನೆನೆಯುವ ತಾಯಂದಿರಿದ್ದಾರೆ. ಎಲ್ಲ ಮಕ್ಕಳೂ ಒಂದೇ ಮತದ ಮನೆಗಳವರಾಗಿದ್ದುದರಿಂದ ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಶಾಲೆ ಬೆಳೆಯಿತು. ಕಾಳಿನ ವ್ಯಾಪಾರಿಗಳಾದ ಶ್ರೀ ನೀಲಕಂಠಪ್ಪನವರು ತಮ್ಮ ಅಂಗಡಿಯ ಮೇಲಿನ ಮಾಳಿಗೆಯನ್ನು ಶಾಲೆಗೆ ಬಿಟ್ಟುಕೊಟ್ಟು ಆಡಳಿತ ಮಂಡಳಿಯ ಅಧ್ಯಕ್ಷರಾದರು. ಸರಕಾರದ ಮಾನ್ಯತೆ ಬಂತು, ಹಿಂದೆಯೇ ಗ್ರ್ಯಾಂಟೂ ಬಂತು. ಉಡುಪಿ, ಮಂಗಳೂರು ಕಡೆಯ ಹೋಟೆಲಿನವರ, ನೌಕರದಾರರ ಮಕ್ಕಳೂ ಬಂದರು. ತರಗತಿಗಳು ಹೆಚ್ಚಿದವು; ಪ್ರತಿ ಮಾಸ್ತರರೂ ತಮ್ಮ ತಮ್ಮ ವರ್ಗದಲ್ಲಿ ವಿಭೂತಿ ಎಳೆದು ಹಾಜರಿ ಹಾಕುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ಶಾಲೆ ಬದಲಾದದ್ದನ್ನು ಪದ್ಧತಿ ಗಮನಿಸಲಿಲ್ಲ. ಮುಖ್ಯಾಧ್ಯಾಪಕರಾಗಿದ್ದ ಪರಪ್ಪ ಮಾಸ್ತರರೂ ಗಮನಿಸಲಿಲ್ಲ.

ಸಾವಿರದ ಒಂಬೈನೂರ ಐವತ್ಮೂರರ ಮಳೆಗಾಲ ಮುಗಿದ ಹೊತ್ತಿಗೆ ಶೀಲಾವತಿ ಅಮ್ಮನ್ನ ಎಂಬ ತಾಯಿ ಶಾಲೆಗೆ ಬಂದರು. ಉಡುಪಿಯ ಕಡೆಯ ಕ್ರೈಸ್ತರು, ಗಂಡನಿಲ್ಲದವರು. ಮುನಸಿಪಾಲಿಟಿಯ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿ. ಅವರ ಮಗಳು ಸುಗುಣಾ ಎರಡನೆಯ ಇಯತ್ತೆಯಲ್ಲಿದ್ದಳು. ಆ ತಾಯಿಯ ಕೈಯಲ್ಲಿ ಕಡ್ಡಾಯ ಶಿಕ್ಷಣದ ಅಧಿಕಾರಿಗಳ ನೋಟೀಸು ಇತ್ತು. ಮಗುವನ್ನು ಶಾಲೆಗೆ ಕಳಿಸದ್ದರಿಂದ ಪೋಷಕರ ಮೇಲೆ ಖಟ್ಲೆ ಏಕೆ ಹೂಡಬಾರದು ಎಂದು ಅದರಲ್ಲಿ ಕೇಳಲಾಗಿತ್ತು.

‘ನನ್ನ ಮಗಳು ದಿನಾ ಬರ್ತಾಳಲ್ಲ ಮಾಸ್ಟ್ರೇ’ ಎಂದರು. ‘ನಾನೇ ಮೆಟ್ಟಿಲ ತನಕ ಬಿಟ್ಟು ಡ್ಯೂಟಿಗೆ ಹೋಗುವುದು. ನನ್ನದಿನ್ನೂ ಟೆಂಪರರಿ ಕೆಲಸ. ಕೋರ್ಟು ಕಚೇರಿ ಅಂತ ಆದ್ರೆ ಖಾಯಂ ಮಾಡ್ತಾರಾ ನೀವೇ ಹೇಳಿ.’

ಮಾಸ್ತರರು ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಎರಡನೆಯ ವರ್ಗದ ಗದಿಗೆಪ್ಪ ಮಾಸ್ತರರನ್ನು ಹೊರಗೆ ಕರೆದರು.

‘ಆ ಹುಡುಗಿ ಸಾಲಿಗೆ ಬರತಾಳೇನ್ರಿ?’

‘ದಿನಾ ಬರತಾಳ್ರಿ. ಮಗ್ಗಿ ಎಲ್ಲಾರಕಿಂತ ಛಲೋ ಹೇಳತಾಳ.’

‘ಮತ್ತ ಗೈರಹಾಜರಿ ಯಾಕ ಹಾಕೀರಿ?’

‘ವಿಭೂತಿಗೆ ಏಳೂದಿಲ್ರಿ ಆಕಿ. ಏಳದವರಿಗೆ ಗುರುತು ಹಾಕೂದು ಹೆಂಗ? ನೀವ ಕಲಿಸಿದ್ದಲ್ಲೇನ್ರಿ.’

ಗದಿಗೆಪ್ಪನವರ ಮಾತಿನಲ್ಲಿ ಕೊಂಕಿರಲಿಲ್ಲ. ಅವರು ಕಲಿತಂತೆ ಮಾಡಿದ್ದರು. ತಿಂಗಳ ಕೊನೆಗೆ ಗೈರುಹಾಜರಾದವರ ಹೆಸರು ಕಡ್ಡಾಯ ಶಿಕ್ಷಣದ ಕಚೇರಿಗೆ ಹೋಗುತ್ತಿತ್ತು. ಕೆಳಗೆ ಸಹಿ ಮಾಡಿದವರು ಪರಪ್ಪ ಮಾಸ್ತರರೇ. ಒಳಗೆ ಬಂದಾಗ ಶೀಲಾವತಿಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

‘ಚರ್ಚಿಗೆ ಹೋಗುವ ಮಕ್ಕಳು ಅದನ್ನು ಹಚ್ಚಿಕೊಳ್ಳುವುದಿಲ್ಲ. ನಾನೇ ಹೇಳಿದ್ದು, ಯಾರಿಗೂ ಎದುರು ಮಾತಾಡ್ಬೇಡ, ಸುಮ್ಮನೆ ಕೂತ್ಕೋ ಅಂತ. ಸುಮ್ಮನೆ ಕೂತದ್ದೇ ತಪ್ಪಾಯ್ತಾ ಮಾಸ್ಟ್ರೇ?’

ಮಾಸ್ತರರು ನೋಟೀಸಿನ ನಂಬರು, ತಾರೀಖು ಬರೆದುಕೊಂಡರು. ಒಂದು ವಾರದಲ್ಲಿ ಏನಾದರೂ ಮಾಡುತ್ತೇನೆ ಎಂದು ಹೇಳಿ ಕಳಿಸಿದರು. ಅದೇ ವಾರ ಕಳೆದರೆ ಗ್ರ್ಯಾಂಟಿನ ತಪಾಸಣೆ ಇತ್ತು.

ಮರುದಿನ ಬೆಳಿಗ್ಗೆ ಅವರು ಸಂವಿಧಾನದ ಪುಸ್ತಕ ತೆರೆದು ಕುಳಿತರು. ಮೂವತ್ತನೆಯ ಕಲಮು ಅವರಿಗೆ ಬಾಯಿಪಾಠವಿತ್ತು: ಭಾಷೆಯಿಂದಾಗಲಿ ಮತದಿಂದಾಗಲಿ ಅಲ್ಪಸಂಖ್ಯಾತರಾದವರು ತಮಗೆ ಬೇಕಾದ ಶಾಲೆ ಸ್ಥಾಪಿಸಿ ನಡೆಸಬಹುದು. ಮರಾಠಿ, ಗುಜರಾತಿಗಳ ನಡುವೆ ಒಂದು ಕನ್ನಡ ಶಾಲೆ ತಲೆ ಎತ್ತಿ ನಿಂತದ್ದು ಅದರ ಬಲದಿಂದ ಎಂದು ಸಭೆಗಳಲ್ಲಿ ಹೇಳಿದವರು ಅವರು. ನಲವತ್ತೈದನೆಯದೂ ಗೊತ್ತಿತ್ತು: ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರಕಾರ ಪ್ರಯತ್ನಿಸಬೇಕು. ಮೂವತ್ತರ ಸ್ವಲ್ಪ ಹಿಂದೆಯೇ ಇರುವ ಇಪ್ಪತ್ತೆಂಟನೆಯದನ್ನು ಮಾತ್ರ ಅವರು ಬೇರೆಯವರ ಶಾಲೆಗಳಿಗೆ ಬರೆದದ್ದು ಎಂಬಂತೆ ಓದಿದ್ದರು. ಸರಕಾರದ ಮಾನ್ಯತೆಯನ್ನಾಗಲಿ ನೆರವನ್ನಾಗಲಿ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಪೂಜೆ ಪ್ರಾರ್ಥನೆಗೆ ಒತ್ತಾಯಿಸುವಂತಿಲ್ಲ. ಕಡ್ಡಾಯವೆಂದು ಮಗುವನ್ನು ಒಳಗೆ ಕರೆಯುವುದು, ಒಳಗೆ ಬಂದು ಕುಳಿತ ಮಗುವನ್ನು ಬಂದೇ ಇಲ್ಲವೆಂದು ಬರೆಯುವುದು, ಹಾಗೆ ಬರೆದು ಅದರ ತಾಯಿಯನ್ನು ಕೋರ್ಟಿಗೆ ಎಳೆಯುವುದು. ತಮ್ಮ ಬೆರಳಿನ ವಿಭೂತಿ ಇಷ್ಟೆಲ್ಲ ಕೆಲಸ ಮಾಡಿತ್ತು.

‘ಆ ಪುಸ್ತಕಾನ ತಾಟಿಗೆ ಬಡಸಲೇನು?’ ಎಂದು ಅವರ ಪತ್ನಿ ಕಾಶವ್ವನವರು ಎರಡು ಸಲ ಕೇಳಿದರು. ಮಾಸ್ತರರು ರೊಟ್ಟಿ ಮುಟ್ಟದೆ ಎದ್ದರು.

ಕಣ್ತಪ್ಪು ಎಂದು ಬರೆದು ಕಳಿಸಿಬಿಡೋಣ ಎಂದು ಗದಿಗೆಪ್ಪನವರು ಸೂಚಿಸಿದರು. ಆದರೆ ಒಂದೆರಡು ದಿನದ್ದಾದರೆ ಕಣ್ತಪ್ಪು. ಶಾಲೆ ತೆರೆದಾಗಿನಿಂದ ಸಾಲುಸಾಲಾಗಿ ಬಿದ್ದ ಗೈರುಹಾಜರಿಗೆ ಕಾರಣ ಕೇಳಿಯೇ ಕೇಳುತ್ತಾರೆ. ನಿಜವಾದ ಕಾರಣ ಹೇಳಿದರೆ ಗ್ರ್ಯಾಂಟು ಹೋಗುತ್ತದೆ. ಗ್ರ್ಯಾಂಟು ಹೋದರೆ ಮಾಸ್ತರರ ಸಂಬಳ, ಮಕ್ಕಳ ಫೀ ಮಾಫಿ, ಒಟ್ಟು ಶಾಲೆಯೇ ಅಲ್ಲಾಡುತ್ತದೆ.

ಅಂಗಡಿಯಲ್ಲಿ ಜೋಳದ ಮಾದರಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ ನೀಲಕಂಠಪ್ಪನವರು ಎಲ್ಲ ಕೇಳಿ ನಕ್ಕರು.

‘ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡೀರೇನು? ಒಪ್ಪಿಗಿ ಇದ್ರ ನಡೀತೈತಿ ಅಂತ ನಿಮ್ಮ ಪುಸ್ತಕದಾಗ ಐತಿ ಅಂತೀರಿ. ಆ ಹುಡುಗಿ ತಾಯಿ ಕಡೆ ಒಪ್ಪಿಗಿ ಬರಸ್ಕೋರಿ. ನಾಳಿಂದ ಹುಡುಗಿ ವಿಭೂತಿ ಹಚ್ಕೋಲಿ, ನೀವು ಹಾಜರಿ ಹಾಕ್ರಿ, ಹುಡುಗಿ ಬರಾಕ ಹತ್ಯಾಳ ಅಂತ ಆಫೀಸಿಗೆ ತಿಳಸ್ರಿ. ನೋಟೀಸೂ ಹೋತು, ಗ್ರ್ಯಾಂಟೂ ಉಳೀತು.’

‘ಆಕಿ ಒಪ್ಪದಿದ್ರ?’

‘ನೋಟೀಸು ಕೈಯಾಗ ಹಿಡಕೊಂಡಾಕಿ ಒಪ್ಪಲಾರದ ಏನ್ ಮಾಡ್ತಾಳ್ರಿ?’

ಕಾನೂನಿನ ಅಕ್ಷರಕ್ಕೆ ಒಪ್ಪುವ ಮಾತು ಅದು. ಬೇರೆ ದಾರಿಯೂ ಕಾಣದೆ ಮಾಸ್ತರರು ಒಪ್ಪಿಗೆಯ ಕಾಗದವನ್ನು ತಾವೇ ಬರೆದರು. ಭಾನುವಾರ, ಚರ್ಚಿನಿಂದ ಬಂದಿರುವ ಹೊತ್ತು ನೋಡಿಕೊಂಡು ಶೀಲಾವತಿಯವರ ಮನೆಗೆ ಹೋದರು. ಆಸ್ಪತ್ರೆಯ ಹಿಂದಿನ ಚಾಳಿನಲ್ಲಿ ಒಂದೇ ಕೋಣೆ. ಆ ತಾಯಿ ಕಾಫಿ ಕೊಟ್ಟು, ಕಾಗದ ತೆಗೆದುಕೊಂಡು ನಿಂತೇ ಓದಿದರು. ಪೂರ್ತಿ ಓದಿದರೋ ಇಲ್ಲವೋ.

‘ಎಲ್ಲಿ ಸೈನ್ ಮಾಡ್ಬೇಕು, ತೋರಿಸಿ.’

ಮಾಸ್ತರರು ಪೆನ್ನು ಕೊಟ್ಟರು. ಬಾಗಿಲ ಬಳಿ ಕುಳಿತಿದ್ದ ಸುಗುಣಾ ತಾಯಿಯ ಮುಖ ನೋಡಿದಳು.

‘ಅಮ್ಮಾ, ನಾಳೆಯಿಂದ ನಾನು ಏಳ್ಬೇಕಾ?’

‘ಹೂಂ, ಏಳು.’

‘ನೀನೇ ಅಲ್ವಾ ಬೇಡ ಅಂದದ್ದು?’

‘ಈಗ ಏಳು ಅಂತ ಹೇಳ್ತಿದ್ದೇನೆ.’

ಮಗು ತನ್ನ ಹಣೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಿತು. ಪೆನ್ನು ಕಾಗದದ ಮೇಲೆ ಊರುವ ಹೊತ್ತಿಗೆ ಮಾಸ್ತರರು ಕೈ ಚಾಚಿ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು.

‘ಬ್ಯಾಡ್ರಿ ಬಾಯಿ.’

‘ಯಾಕೆ? ಬರೆದದ್ದು ಸರಿ ಇಲ್ವಾ?’

‘ಬರದದ್ದು ಸರಿ ಐತ್ರಿ. ಬರಸ್ಕೊಳ್ಳಾಕ ಬಂದದ್ದು ಸರಿ ಇಲ್ಲ.’

ಶೀಲಾವತಿಯವರಿಗೆ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. ‘ನಿಮಗೇನು, ದೊಡ್ಡ ಮಾತು ಹೇಳಿ ಹೋಗ್ತೀರಿ. ನೋಟೀಸು ಬಂದದ್ದು ನನ್ನ ಹೆಸರಿಗೆ’ ಎಂದರು. ಅದು ನ್ಯಾಯವಾದ ಮಾತು. ಮಾಸ್ತರರು ತಲೆ ತಗ್ಗಿಸಿಕೊಂಡೇ ಹೊರಬಂದರು. ತಾವೇ ಹುಟ್ಟಿಸಿದ ಅಂಜಿಕೆಯನ್ನು ತೋರಿಸಿ ಪಡೆದ ಸಹಿಗೆ ಒಪ್ಪಿಗೆ ಎಂದು ಹೆಸರಿಟ್ಟರೆ, ಆ ಕಲಮಿನಲ್ಲಿ ಆ ಶಬ್ದವನ್ನು ಬರೆದವರಿಗೂ ತಮಗೂ ಸಂಬಂಧವೇ ಇರುವುದಿಲ್ಲ ಎಂದು ಅವರು ಬಹಳ ವರ್ಷಗಳ ಮೇಲೆ ಒಮ್ಮೆ ಹೇಳಿದ್ದುಂಟು. ಆ ದಿನ ಅವರಿಗೆ ಇಷ್ಟು ಸ್ಪಷ್ಟವಾಗಿ ತೋರಿತ್ತೇ, ತಿಳಿಯದು. ಸ್ಟೇಶನ್ನಿನ ಸೇತುವೆಯ ಮೇಲೆ ನಿಂತು ಲೋಕಲ್ ಗಾಡಿಗಳನ್ನು ನೋಡುತ್ತ ಬಹಳ ಹೊತ್ತು ಕಳೆದರು ಎಂಬುದು ಮಾತ್ರ ಗೊತ್ತು.

ಸೋಮವಾರ ಅವರು ಕಡ್ಡಾಯ ಶಿಕ್ಷಣದ ಕಚೇರಿಗೆ ಹೋಗಿ, ಮಗು ದಿನವೂ ಶಾಲೆಗೆ ಬಂದಿದೆ, ವಿಭೂತಿ ಹಚ್ಚಿಸಿಕೊಳ್ಳದ್ದರಿಂದ ಹಾಜರಿ ಹಾಕಿಲ್ಲ, ಈ ಪದ್ಧತಿಯನ್ನು ಆರಂಭಿಸಿದವನು ನಾನು ಎಂದು ಬರೆದುಕೊಟ್ಟರು. ಅಲ್ಲಿನ ಮರಾಠಿ ಅಧಿಕಾರಿ ಒಳ್ಳೆಯವರು. ಇದು ಮೇಲೆ ಹೋದರೆ ನಿಮ್ಮ ಗ್ರ್ಯಾಂಟು ನಿಲ್ಲುತ್ತದೆ, ಇನ್ನೊಮ್ಮೆ ವಿಚಾರಿಸಿ ಎಂದು ಕಾಗದವನ್ನು ತಿರುಗಿ ಮುಂದೆ ನೂಕಿದರು. ಮಾಸ್ತರರು ಅದನ್ನು ಮುಟ್ಟಲಿಲ್ಲ.

ನೋಟೀಸು ರದ್ದಾಯಿತು. ಆ ವರ್ಷದ ಗ್ರ್ಯಾಂಟು ನಿಂತಿತು.

ಆಡಳಿತ ಮಂಡಳಿಯ ಸಭೆಯಲ್ಲಿ ನೀಲಕಂಠಪ್ಪನವರ ದನಿ ಕೆಳಗಿನ ರಸ್ತೆಗೂ ಕೇಳಿಸಿತು. ‘ಅರ್ಧಾ ಕಾಯದೆ ಓದಿ ವಕೀಲರಂತೂ ಆಗಲಿಲ್ಲ. ಇನ್ನ ಹೆಡ್‌ಮಾಸ್ತರಾಗೂ ಉಳಿಯೂದು ಬ್ಯಾಡ.’ ಗದಿಗೆಪ್ಪನವರನ್ನು ಮುಖ್ಯಾಧ್ಯಾಪಕರನ್ನಾಗಿ ಮಾಡಲಾಯಿತು. ಅವರು ಅತ್ತುಕೊಂಡೇ ಒಪ್ಪಿದರು. ತಾವು ಹುಟ್ಟಿಸಿದ ಶಾಲೆಯಲ್ಲಿ ಪರಪ್ಪನವರು ಎರಡನೆಯ ಇಯತ್ತೆಯ ಮಾಸ್ತರರಾದರು. ನಿವೃತ್ತರಾದದ್ದೂ ಆ ಹುದ್ದೆಯಿಂದಲೇ. ‘ಸಣ್ಣ ಹುಡುಗರ ಕೂಡ ನಿಮಗ ಹೊಂದತೈತಿ, ಬಿಡ್ರಿ’ ಎಂದು ಕಾಶವ್ವನವರು ಅಂದು ಹೇಳಿದರಂತೆ. ಮಾಸ್ತರರು ಆಗ ನಕ್ಕರೋ ಇಲ್ಲವೋ, ಕೇಳಲು ಧೈರ್ಯವಾಗಿಲ್ಲ.

ವಿಭೂತಿ ನಿಲ್ಲಲಿಲ್ಲ. ಬೇಕಾದವರಿಗೆ ಗಂಟೆ ಬಾರಿಸುವ ಮೊದಲು ಮೆಟ್ಟಿಲ ಬಳಿ ಮಾಸ್ತರರೇ ಹಚ್ಚುತ್ತಿದ್ದರು. ಗಂಟೆಯ ಮೇಲೆ ಹೆಸರು ಮಾತ್ರ. ಹೊಸ ಪದ್ಧತಿಯ ಮೊದಲ ದಿನ ಹೆಸರು ಕೂಗಿದರೆ ಮಕ್ಕಳು ಏನು ಹೇಳಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಹಿಂದಿನ ಸಾಲಿನಿಂದ ಒಂದು ದನಿ ‘ಇಲ್ಲೇ ಅದೀನಲ್ರೀ ಸರ’ ಎಂದಿತು. ಎಲ್ಲರೂ ನಕ್ಕರು. ಸುಗುಣಾ ನಗಲಿಲ್ಲ; ತನ್ನ ಹೆಸರು ಬಂದಾಗ ಮೆಲ್ಲಗೆ ‘ಬಂದಿದ್ದೇನೆ’ ಎಂದಳು. ಶೀಲಾವತಿಯವರ ಕೆಲಸ ಮುಂದೆ ಖಾಯಮಾಯಿತು.

ಮರುವರ್ಷ ಗ್ರ್ಯಾಂಟು ತಿರುಗಿ ಬಂತು. ನೀಲಕಂಠಪ್ಪನವರು ಮಾಸ್ತರರ ಸಂಗಡ ಮಾತು ಬಿಟ್ಟರು, ಮಾಳಿಗೆಯನ್ನು ಮಾತ್ರ ಬಿಡಿಸಲಿಲ್ಲ. ಈ ಸಂಪುಟಕ್ಕೆ ಎರಡು ಮಾತು ಬೇಡಲು ಹೋದಾಗ, ‘ಆ ಮನಷ್ಯಾ ನನ್ನ ಮಾತು ಕೇಳಲಿಲ್ಲ. ಅದನ್ನೂ ಬರೀರಿ’ ಎಂದರು. ಬರೆದಿದ್ದೇವೆ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂಬ ಹೊಸ ಕಲಮು ಐವತ್ತಾರರಲ್ಲಿ ಸಂವಿಧಾನಕ್ಕೆ ಸೇರಿದಾಗ ಅದನ್ನು ನಮಗೆಲ್ಲ ಓದಿ ಹೇಳಿದವರೂ ಮಾಸ್ತರರೇ. ಈಗ ನಿವೃತ್ತಿಯ ಮೇಲೆ ಮಲಾಡಿನಲ್ಲಿ, ಶಾಲೆಯ ಮುಖ ಕಾಣದ ಮಕ್ಕಳಿರುವ ಕಡೆ, ಒಂದು ಕನ್ನಡ ವರ್ಗ ತೆರೆಯಲು ಓಡಾಡುತ್ತಿದ್ದಾರೆ. ಈ ವಯಸ್ಸಿನಲ್ಲಿ ಏಕೆ ಎಂದರೆ, ಸಂವಿಧಾನ ಹಾಕಿಕೊಂಡ ಹತ್ತು ವರ್ಷದ ಗಡುವು ಬರುವ ಜನವರಿಗೆ ಮುಗಿಯುತ್ತದೆ, ಮಕ್ಕಳು ಇನ್ನೂ ಹೊರಗಿದ್ದಾರೆ ಎನ್ನುತ್ತಾರೆ. ಆ ಗಡುವು ತಪ್ಪುವುದು ನಮಗೆಲ್ಲ ಕಾಣುತ್ತಿದೆ. ಅವರಿಗೂ ಕಾಣುತ್ತಿದೆ. ಅದು ಎಷ್ಟು ವರ್ಷ ಮುಂದಕ್ಕೆ ಹೋಗುವುದೋ ಅಷ್ಟು ವರ್ಷ, ಅದರ ಮೇಲೆ ಇನ್ನೂ ಹತ್ತು ವರ್ಷ ಮಾಸ್ತರರು ಆರೋಗ್ಯದಿಂದ ಬಾಳಲಿ. ಮಲಾಡಿನ ಆ ವರ್ಗದಲ್ಲಿ ಕೂಡಲು ಜಾಗ ಸಾಲದಷ್ಟು ಹೆಸರುಗಳನ್ನು ಅವರು ಕೂಗುವಂತಾಗಲಿ.